ನಾಲ್ಕನೆಯವನ ಗೆರೆ

ಮತ್ತಿಕೆರೆಯ ಮುನಿಯಲ್ಲಪ್ಪನ ಮನೆಗೆ ಯಾರು ಬಂದರೂ ಊರಿಗೆಲ್ಲ ಗೊತ್ತಾಗುತ್ತಿತ್ತು. ಅವನ ತಾಯಿ ಮುನಿವೆಂಕಟಮ್ಮನಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇರಲಿಲ್ಲ. ಆದರೆ ಐವತ್ತೊಂದನೆಯ ಇಸವಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಬಂದ ನೆಂಟರನ್ನು ಕಂಡು ಆಕೆಯ ಬಾಯೂ ಕಟ್ಟಿತು. ಯಶವಂತಪುರದಲ್ಲಿ ಜಟಕಾ ಇಳಿದು, ತಲೆಯ ಮೇಲೆ ಟ್ರಂಕು ಹೊತ್ತು, ಹುರುಳಿ ಹೊಲದ ಬದುವಿನ ಮೇಲೆ ಸಾಲಾಗಿ ಐದು ಜನ ಗಂಡಸರು ನಡೆದು ಬಂದರು. ಮೈಬಣ್ಣ ನಮ್ಮವರದೇ, ಬಿಸಿಲಲ್ಲಿ ದುಡಿದವರ ಕಪ್ಪು. ಕೂದಲು ಗುಂಗುರು, ಮಾತು ಯಾವ ಊರಿನದೋ. ಎಲ್ಲರಿಗಿಂತ ಮುಂದಿದ್ದವನು ಕುಂಟುತ್ತಿದ್ದ. ಮುನಿಯಲ್ಲಪ್ಪ ಕೈಯಲ್ಲಿದ್ದ ಕುಡುಗೋಲು ಬಿಸಾಕಿ ಓಡಿಹೋಗಿ ಅವನನ್ನು ತಬ್ಬಿಕೊಂಡ.

ಆ ಕುಂಟುವವನ ಹೆಸರು ತೊಮಾಸಿ. ಯುದ್ಧದ ಕಾಲದಲ್ಲಿ ಮುನಿಯಲ್ಲಪ್ಪ ಹೇಸರಗತ್ತೆ ಹೊಡೆಯುವ ಪಲ್ಟನ್ನು ಸೇರಿ ಬರ್ಮಾ ಗಡಿಯ ತನಕ ಹೋಗಿ ಬಂದಿದ್ದ. ತೊಮಾಸಿ ಅದೇ ಪಲ್ಟನ್ನಿನಲ್ಲಿ ಸಾಮಾನು ಹೊರುತ್ತಿದ್ದ. ಅವನ ಕಾಲಿಗೆ ಗುಂಡು ಬಿದ್ದ ದಿನ ಹೇಸರಗತ್ತೆಯ ಮೇಲೆ ಅವನನ್ನು ಹೇರಿಕೊಂಡು ಕಾಡು ದಾಟಿಸಿದ್ದು ಮುನಿಯಲ್ಲಪ್ಪ. ಬೀಳ್ಕೊಡುವಾಗ ಎಲ್ಲರೂ ಹೇಳುವ ಹಾಗೆ ಇವನೂ "ಯಾವತ್ತಾದರೂ ನಮ್ಮೂರಿಗೆ ಬಾ" ಅಂದಿದ್ದ. ಇಂಥ ಮಾತನ್ನು ನಿಜವೆಂದೇ ತಿಳಿಯುವ ಜನ ಲೋಕದಲ್ಲಿ ಇನ್ನೂ ಇದ್ದಾರೆ. ಅವರಿಂದಲೇ ಮಳೆಬೆಳೆ ಆಗುತ್ತಿರಬೇಕು.

ತೊಮಾಸಿಯ ದೇಶ ತಲೋವಾ ಅನ್ನುವ ದ್ವೀಪ. ಭೂಪಟದಲ್ಲಿ ನೊಣ ಕೂತಷ್ಟು ಜಾಗ. ಇಡೀ ದೇಶದ ಜನ ಒಟ್ಟಿಗೆ ಬಂದರೂ ಯಲಹಂಕದ ಸಂತೆ ತುಂಬುತ್ತಿತ್ತೋ ಇಲ್ಲವೋ. ಬಿಳಿಯರು ಬಿಟ್ಟುಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ದೆಹಲಿಯಲ್ಲಿ ಏಷ್ಯಾದ ದೇಶಗಳೆಲ್ಲ ಸೇರಿ ಓಟ, ಈಜು ಅಂತ ದೊಡ್ಡ ಕ್ರೀಡಾಕೂಟ ನಡೆಸುತ್ತವೆ, ಇಂಥದ್ದು ಇದೇ ಮೊದಲು ಅನ್ನುವ ಸುದ್ದಿ ಅವರಿಗೂ ಮುಟ್ಟಿತು. ಹೋಗಲೇಬೇಕು ಅಂತ ದೇಶಕ್ಕೆ ದೇಶವೇ ಹಠ ಹಿಡಿಯಿತು. ಹೋದರೆ ತಾನೆ ಇಂಥದ್ದೊಂದು ದೇಶ ಇದೆಯೆಂದು ಜನಕ್ಕೆ ತಿಳಿಯುವುದು? ಅವರಲ್ಲಿ ಆಟದ ಸಾಮಾನು ಏನೂ ಇರಲಿಲ್ಲ, ಕಾಲುಗಳಿದ್ದವು. ಒಬ್ಬನ ಕೈಯಿಂದ ಒಬ್ಬನಿಗೆ ಕೋಲು ದಾಟಿಸುತ್ತ ನಾಲ್ವರು ಓಡುವ ರಿಲೇ ಓಟಕ್ಕೆ ನಾಲ್ವರನ್ನು ಆರಿಸಿದರು. ಮುಂದಾಳಾಗಿ ತೊಮಾಸಿ. ಇನ್ನೊಬ್ಬ ಓಟಗಾರನನ್ನು ಜೊತೆಗೆ ಕಳಿಸುವ ಶಕ್ತಿ ಆ ದೇಶಕ್ಕಿರಲಿಲ್ಲ. ಅವರ ಕಡೆಯಿಂದ ಮದ್ರಾಸಿಗೆ ಹಡಗು ಬರುವುದು ತಿಂಗಳಿಗೊಂದು, ಹಾಗಾಗಿ ಕೂಟಕ್ಕೆ ಎಷ್ಟೋ ಮೊದಲೇ ಬಂದಿಳಿದರು. ಅಷ್ಟು ಮುಂಚೆ ದೆಹಲಿಯಲ್ಲಿ ಇಳಿಸಿಕೊಳ್ಳುವವರು ಯಾರು? ಆಗ ತೊಮಾಸಿಗೆ ಮತ್ತಿಕೆರೆ ನೆನಪಾಗಿದೆ.

ಊರವರು ಭಜನೆಮನೆಯನ್ನು ಗುಡಿಸಿ ಸಾರಿಸಿ ಅವರಿಗೆ ಬಿಟ್ಟುಕೊಟ್ಟರು. ಊಟ ಮುನಿಯಲ್ಲಪ್ಪನ ಮನೆಯಲ್ಲಿ. ಮೊದಲ ದಿನ ಮುದ್ದೆಯನ್ನು ಅಗಿಯಲು ಹೋಗಿ ಐವರೂ ಪಟ್ಟ ಪಾಡು ನೋಡಲು ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿದ್ದರು. ವಾರದಲ್ಲಿ ಅವರೂ ಸೊಪ್ಪಿನ ಸಾರಿನಲ್ಲಿ ಅದ್ದಿ ಗುಳುಂ ಮಾಡುವುದನ್ನು ಕಲಿತರು. ಅವರಲ್ಲಿ ಕಿರಿಯವನು ಕೇಮು. ಮುನಿವೆಂಕಟಮ್ಮನ ಬಾಯಲ್ಲಿ ಅವನು ಕೆಂಪನಾದ.

"ಬಾರಪ್ಪ ಕೆಂಪ, ಇನ್ನೊಂದು ಮುದ್ದೆ ಉಣ್ಣು. ಇಂಗೆ ಗುಬ್ಬಿ ತಿಂದಂಗೆ ತಿಂದ್ರೆ ಓಡೋದೆಂಗೆ?" ಅಂತ ಆಕೆ ಗದರಿದರೆ, ಒಂದಕ್ಷರ ಅರ್ಥವಾಗದಿದ್ದರೂ ಅವನು ತಟ್ಟೆ ಮುಂದಕ್ಕೆ ಹಿಡಿಯುತ್ತಿದ್ದ.

ಬೆಳಗಾದರೆ ಒಣಗಿದ ಕೆರೆಯಂಗಳದಲ್ಲಿ ಓಟ. ತೊಮಾಸಿ ಕುಂಟುತ್ತಲೇ ಅಳೆದು ದೊಡ್ಡ ಸುತ್ತು ಗುರುತು ಮಾಡಿ, ನಾಲ್ಕು ಕಡೆ ಸುಣ್ಣದ ಗೆರೆ ಎಳೆದ. ಮೊದಲ ಎರಡು ಗೆರೆಗಳಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು, ಮೂರನೆಯದರಲ್ಲಿ ಪಾವೊ ಅನ್ನುವ ಮೀನುಗಾರ, ನಾಲ್ಕನೆಯದರಲ್ಲಿ ಕೇಮು. ಕೇಮು ಎಡಗಾಲು ಮುಂದಿಟ್ಟು, ಬಲಗೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿ ನಿಲ್ಲುವನು. ತಿರುಗಿ ನೋಡುವ ಹಾಗಿಲ್ಲ. ಕೋಲು ಕೈಗೆ ತಾಗಿದ್ದೇ ತಡ, ಮುಂಗಾಲಿನ ಮೇಲೆ ಚಿಮ್ಮಿ ಹೊರಟನೆಂದರೆ ಅವನ ಹಿಮ್ಮಡಿ ನೆಲ ಕಂಡವರಿಲ್ಲ. ಬೂಟು ಹಾಕಿ ಗೊತ್ತಿಲ್ಲ, ಬರಿಗಾಲು.

ಅವನಿಗೆ ಪೈಪೋಟಿ ಬೇಕಲ್ಲ? ಮುನಿಯಲ್ಲಪ್ಪ ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ನಿಂತ. ಮೊದಮೊದಲು ತಮಾಷೆಗೆ. ಆಮೇಲೆ ನೋಡಿದರೆ, ಕಳ್ಳ ಹೇಸರಗತ್ತೆಗಳ ಹಿಂದೆ ವರ್ಷಗಟ್ಟಲೆ ಓಡಿದ ಕಾಲು ಇನ್ನೂ ಏನನ್ನೂ ಮರೆತಿರಲಿಲ್ಲ. ಕೇಮುವನ್ನು ಅವನು ಒಮ್ಮೆಯೂ ಹಿಂದೆ ಹಾಕಲಿಲ್ಲ, ಆದರೆ ಉಳಿದ ಮೂವರನ್ನು ಹಾಕುತ್ತಿದ್ದ. "ಮುನಿ, ನೀನು ತಪ್ಪು ದೇಶದಲ್ಲಿ ಹುಟ್ಟಿದೆ" ಅಂತ ಪಾವೊ ಪಲ್ಟನ್ನಿನ ಹರಕು ಹಿಂದೂಸ್ತಾನಿಯಲ್ಲಿ ಹೇಳಿ ನಗುವನು. ಆ ಹಿಂದೂಸ್ತಾನಿಯನ್ನು ತೊಮಾಸಿ ಎಲ್ಲರಿಗೂ ಕಲಿಸಿದ್ದ. ಎರಡೂ ಕಡೆಯವರು ಸಮನಾಗಿ ತಪ್ಪು ಮಾತಾಡುವುದರಿಂದ ಮಾತಿಗೆ ಏನೂ ತೊಂದರೆಯಾಗುತ್ತಿರಲಿಲ್ಲ. ಮುನಿಯಲ್ಲಪ್ಪನಿಗೆ ಹೊಲ ಮರೆತುಹೋಯಿತು. ಇವರು ಗೆಲ್ಲದಿದ್ದರೂ ಬೇಡ, ದೆಹಲಿಯಲ್ಲಿ ಒಮ್ಮೆ ನಾಲ್ವರೂ ಸರಿಯಾಗಿ ಕೋಲು ದಾಟಿಸಿ ಗೆರೆ ಮುಟ್ಟಲಿ, ಮಾರಮ್ಮನಿಗೆ ಈ ಸಲದ ಕೊಂಡ ಅವರ ಹೆಸರಿನಲ್ಲಿ ಹಾಯುತ್ತೇನೆ ಅಂತ ಹರಕೆ ಹೊತ್ತ.

ಕೊಂಡವೆಂದರೆ ಆ ಕಡೆ ಗೊತ್ತಿಲ್ಲದ ಮಗುವಿಲ್ಲ. ಮಾರಮ್ಮನ ಗುಡಿಯ ಮುಂದೆ ಮೂರು ಮಾರು ಉದ್ದದ ಗುಂಡಿ ತೋಡಿ, ಹುಣಸೆ, ಜಾಲಿ ಸೌದೆಯನ್ನು ರಾತ್ರಿಯೆಲ್ಲ ಉರಿಸಿ, ಬೆಳಗಿನ ಹೊತ್ತಿಗೆ ನಿಗಿನಿಗಿ ಕೆಂಡ ಮಾಡುತ್ತಾರೆ. ಹರಕೆ ಹೊತ್ತವರು ಉಪವಾಸವಿದ್ದು, ತಣ್ಣೀರು ಮಿಂದು, ಒದ್ದೆ ಬಟ್ಟೆಯಲ್ಲಿ ಅದರ ಮೇಲೆ ಹಾದು ಹೋಗುತ್ತಾರೆ. ಆ ತುದಿಯಲ್ಲಿ ಅರಿಶಿನದ ನೀರಿನಲ್ಲಿ ಕಾಲಿಟ್ಟರೆ ಹರಕೆ ಮುಗಿಯಿತು. ಮುನಿಯಲ್ಲಪ್ಪ ಮೀಸೆ ಮೂಡಿದಾಗಿನಿಂದ ಹಾಯುತ್ತಿದ್ದ, ಒಮ್ಮೆಯೂ ಬೊಕ್ಕೆ ಎದ್ದಿರಲಿಲ್ಲ.

ಕೊಂಡದ ಹಿಂದಿನ ದಿನ ಮುನಿಯಲ್ಲಪ್ಪ ಊಟ ಬಿಟ್ಟದ್ದು ಕಂಡು ಕೇಮು ಯಾಕೆಂದು ಕೇಳಿದ. ನಿಮಗೋಸ್ಕರ ಅಂತ ತಿಳಿದಾಗ ಅವನ ಮುಖ ಗಂಭೀರವಾಯಿತು. ತಟ್ಟೆ ಸರಿಸಿದ.

"ನಮಗೋಸ್ಕರ ನೀನು ಬೆಂಕಿ ದಾಟುವುದು, ನಾನು ನಿಂತು ನೋಡುವುದು. ಅದು ಸರಿಯಲ್ಲ. ನಾನೂ ಬರುತ್ತೇನೆ."

ಬೇಡ ಅನ್ನಬೇಕಾಗಿದ್ದ ಜಾಗ ಅದು. ಮುನಿಯಲ್ಲಪ್ಪನಿಗೆ ಹಾಗನ್ನಿಸಲೇ ಇಲ್ಲ. ಅನ್ನಿಸಿದ್ದು ಹೆಮ್ಮೆ, ಕಣ್ಣಲ್ಲಿ ನೀರು ಬಂತು. ಪರದೇಶದ ಹುಡುಗ ನಮ್ಮ ಅಮ್ಮನ ಕೊಂಡ ಹಾಯುತ್ತೇನೆ ಅಂದರೆ ಬೇಡ ಅನ್ನುವ ಮತ್ತಿಕೆರೆಯವನು ಇನ್ನೂ ಹುಟ್ಟಬೇಕು. ತಾನೇ ಅವನನ್ನು ಬಾವಿಯ ಹತ್ತಿರ ಕರೆದೊಯ್ದು ಮೈಮೇಲೆ ತಣ್ಣೀರು ಸುರಿದ. ಪೂಜಾರಿ ಚಿಕ್ಕಬೈರಪ್ಪನಿಂದ ಅರಿಶಿನದ ದಾರ ಕಟ್ಟಿಸಿದ. ಒದ್ದೆ ಪಂಚೆ ಉಡುವುದು ಹೇಗೆ, ಬೇವಿನಸೊಪ್ಪು ಹಿಡಿಯುವುದು ಯಾವ ಕೈಯಲ್ಲಿ, ಕಣ್ಣು ಅಮ್ಮನ ಮುಖದಿಂದ ಕದಲಬಾರದು, ಎಲ್ಲವನ್ನೂ ಹೇಳಿದ. ತೊಮಾಸಿಗೆ ಮಾತ್ರ ಹೇಳಲಿಲ್ಲ. ಅವನು ಹೆದರುತ್ತಾನೆ, ಆದಮೇಲೆ ಹೇಳಿದರಾಯಿತು ಅಂದುಕೊಂಡ.

ಬೆಳಕು ಹರಿಯುವಾಗ ತಮಟೆ ಏರಿತು. ಪೂಜಾರಿ ಕಳಶ ಹೊತ್ತು ಹಾದ. ಅವನ ಹಿಂದೆ ಮುನಿಯಲ್ಲಪ್ಪ ಪ್ರತಿವರ್ಷದ ಹಾಗೆ, ಕಳೆ ಕೀಳುವ ಹೊಲದಲ್ಲಿ ನಡೆಯುವ ಹಾಗೆ, ಪೂರ್ತಿ ಪಾದ ಊರಿ ನಡೆದುಹೋಗಿ ಅರಿಶಿನದ ನೀರಿನಲ್ಲಿ ನಿಂತು ತಿರುಗಿದ.

ಕೇಮು ಆ ತುದಿಯಲ್ಲಿ ಎಡಗಾಲು ಮುಂದಿಟ್ಟು ನಿಂತಿದ್ದ.

ಆ ನಿಲುವು ಕಂಡ ಕೂಡಲೇ ಮುನಿಯಲ್ಲಪ್ಪ ಎರಡೂ ಕೈ ಎತ್ತಿದ. ಬಾಯಿ ತೆರೆದ. ತಮಟೆಯ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಕೇಮು ಕೆರೆಯಂಗಳದಲ್ಲಿ ಚಿಮ್ಮುವ ಹಾಗೆಯೇ ಚಿಮ್ಮಿದ. ಮುಂಗಾಲು ಕೆಂಡದೊಳಕ್ಕೆ ಹೂತು ಕೆಂಡ ಹಿಂದಕ್ಕೆ ಹಾರಿತು. ಇನ್ನೊಂದು ಹೆಜ್ಜೆ, ಮತ್ತೊಂದು. ಅಷ್ಟು ಚೆನ್ನಾಗಿ ಅವನು ಯಾವತ್ತೂ ಓಡಿರಲಿಲ್ಲ. ಈ ತುದಿಗೆ ಬಂದು ಮುನಿಯಲ್ಲಪ್ಪನ ತೋಳಿನ ಮೇಲೆ ಬಿದ್ದ.

ಊರು ಗುಸುಗುಸು ಶುರುಮಾಡಿತು. "ಸುದ್ದ ಇರ್ಲಿಲ್ಲ ಕಣ್ರೀ. ಸಮುದ್ರದ ಜನ, ಏನೇನ್ ತಿಂದವ್ರೋ" ಅಂತ ಒಬ್ಬರು. "ಅಮ್ಮ ಒಪ್ಪಲಿಲ್ಲ, ನಾವೇನ್ ಮಾಡಾಕಾಯ್ತದೆ?" ಅಂತ ಚಿಕ್ಕಬೈರಪ್ಪ. ಮನೆಯ ಜಗಲಿಯ ಮೇಲೆ ಕೇಮುವಿನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಲೋಳೆಸರ ಹಚ್ಚುತ್ತಿದ್ದ ಮುನಿಯಲ್ಲಪ್ಪನಿಗೆ ಸತ್ಯ ಕಣ್ಣೆದುರೇ ಇತ್ತು. ಎರಡು ಹಿಮ್ಮಡಿಗಳೂ ಮಗುವಿನ ಹಿಮ್ಮಡಿಯ ಹಾಗೆ ಚೊಕ್ಕಟವಾಗಿದ್ದವು. ಬೆರಳುಗಳು, ಮುಂಗಾಲು ಸುಟ್ಟುಹೋಗಿದ್ದವು. ಅವನು ಎಲ್ಲ ಹೇಳಿಕೊಟ್ಟಿದ್ದ, 'ಓಡಬೇಡ, ನಡಿ' ಅನ್ನುವುದನ್ನು ಬಿಟ್ಟು. ಅದನ್ನು ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇಲ್ಲಿ ಹುಟ್ಟಿದವರು ಅವ್ವನ ಸೊಂಟದ ಮೇಲೆ ಕೂತೇ ಅದನ್ನು ನೋಡಿ ಕಲಿತಿರುತ್ತಾರೆ. ಕಲಿತದ್ದು ಅಂತಲೇ ಗೊತ್ತಿರುವುದಿಲ್ಲ.

"ಬಾಯ್ ಮುಚ್ಕೊಂಡ್ ಓಗ್ರೋ!" ಅಂತ ಮುನಿವೆಂಕಟಮ್ಮ ಬೀದಿಗೆ ಕೇಳುವ ಹಾಗೆ ಕೂಗಿದಳು. "ಅಮ್ಮಂಗೆ ಮಕ್ಕಳ್ ಮ್ಯಾಲೆ ಏನೋ ಸಿಟ್ಟು? ನನ್ ಮಗಂಗೆ ಬುದ್ಧಿ ಇಲ್ದೆ ಇಂಗಾಯ್ತು."

ಯಶವಂತಪುರದ ಡಾಕ್ಟರು ಸೈಕಲ್ಲಿನಲ್ಲಿ ಬಂದು, ನೋಡಿ, ಬಟ್ಟೆ ಸುತ್ತಿದರು. ಯುಗಾದಿಯವರೆಗೆ ನೆಲಕ್ಕೆ ಕಾಲು ಊರುವ ಹಾಗಿಲ್ಲ ಅಂದರು. ದೆಹಲಿಯ ಓಟ ಶಿವರಾತ್ರಿಯ ಹೊತ್ತಿಗೆ. ತೊಮಾಸಿ ಕೇಮುವಿನ ತಲೆಯ ಹತ್ತಿರ ಕೂತು ಎಲ್ಲ ಕೇಳಿಸಿಕೊಂಡ. ಒಂದು ಬೈಗುಳ ಬೈಯಲಿಲ್ಲ. ಬೈದಿದ್ದರೆ, ಎರಡು ಏಟು ಹಾಕಿದ್ದರೆ, ಮುನಿಯಲ್ಲಪ್ಪ ಬದುಕಿಕೊಳ್ಳುತ್ತಿದ್ದ. ಅವನು ಇವನ ಹೆಗಲ ಮೇಲೆ ಕೈಯಿಟ್ಟು, "ನೀನು ನನ್ನನ್ನು ಹೊತ್ತು ತಂದವನು, ಮುನಿ" ಅಂದ. ಅದಾದಮೇಲೆ ಎರಡು ದಿನ ಮುನಿಯಲ್ಲಪ್ಪ ಮನೆಯೊಳಗೆ ಬರದೆ ಕೊಟ್ಟಿಗೆಯಲ್ಲೇ ಮಲಗಿದ.

ಮೂರನೆಯ ದಿನ ಬೆಳಿಗ್ಗೆ ಕೇಮುವೇ ಅವನನ್ನು ಒಳಗೆ ಕರೆದ. ದಿಂಬಿನ ಕೆಳಗಿನಿಂದ ತನ್ನ ಓಟದ ಬನಿಯನ್ನು ತೆಗೆದ. ಬಿಳಿಯ ಬಟ್ಟೆ, ಎದೆಯ ಮೇಲೆ ಹಸಿರು ದಾರದಲ್ಲಿ ಒಂದು ಮೀನು. ಅದನ್ನು ಕೇಮುವಿನ ತಾಯಿ ಹೊಲಿದದ್ದು.

"ಹಾಕಿಕೋ," ಅಂದ. "ನನ್ನ ಹೆಸರಿನಲ್ಲಿ ಓಡು. ಅಲ್ಲಿ ನಮ್ಮ ಮುಖ ಯಾರು ಕಂಡಿದ್ದಾರೆ?"

ಈ ಯೋಚನೆ ಮುನಿಯಲ್ಲಪ್ಪನಿಗೆ ಹೊಸದಲ್ಲ. ಆ ಎರಡು ದಿನವೂ ಅದು ಅವನ ತಲೆಯಲ್ಲಿ ಇಲಿಯ ಹಾಗೆ ಕೆರೆಯುತ್ತಲೇ ಇತ್ತು, ಬಾಯಿಬಿಡಲು ಧೈರ್ಯ ಬಂದಿರಲಿಲ್ಲ ಅಷ್ಟೇ. ತನ್ನಿಂದ ಕೆಟ್ಟದ್ದನ್ನು ತನ್ನ ಕಾಲಿನಿಂದಲೇ ಸರಿಮಾಡುವ ದಾರಿ ಇದೊಂದೇ. ಬನಿಯನ್ನು ಹಾಕಿಕೊಂಡ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಜಗಲಿಗೆ ಬಂದಾಗ ಅಣ್ಣತಮ್ಮಂದಿರು ಎದ್ದು ನಿಂತರು. ಪಾವೊ ಚಪ್ಪಾಳೆ ತಟ್ಟಿದ.

"ನಮ್ಮಲ್ಲಿ ಒಂದೇ ಒಲೆಯ ಊಟ ಉಂಡವನು ನಮ್ಮವನೇ," ಅಂದ ಪಾವೊ. "ಇದು ಸುಳ್ಳಲ್ಲ, ತೊಮಾಸಿ."

"ನಾನು ಓಡ್ತೀನಿ, ತೊಮಾಸಿ," ಅಂದ ಮುನಿಯಲ್ಲಪ್ಪ. "ಕೇಮುವಿನಷ್ಟು ಆಗಲಿಕ್ಕಿಲ್ಲ. ಆದರೆ ಕೋಲು ಬೀಳಿಸೋದಿಲ್ಲ."

ತೊಮಾಸಿ ಅವನ ಎದೆಯ ಮೇಲಿನ ಮೀನನ್ನೇ ಬಹಳ ಹೊತ್ತು ನೋಡಿದ. ಆಸೆ ಅವನಿಗೂ ಆಯಿತು, ಅದು ಮುಖದಲ್ಲೇ ಕಂಡಿತು. ಆಮೇಲೆ ತಲೆ ಅಲ್ಲಾಡಿಸಿದ.

"ತೆಗೆ, ಮುನಿ," ಅಂದ ಮೆತ್ತಗೆ. "ದೊಡ್ಡ ದೇಶದವನು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜನ ಅವನೊಬ್ಬನನ್ನು ಸುಳ್ಳ ಅಂತಾರೆ. ನಾವು ಹೇಳಿ ಸಿಕ್ಕಿಬಿದ್ದರೆ ಅಂಥ ದೇಶವೇ ಸುಳ್ಳು ಅಂತಾರೆ. ನಾವು ಬಂದದ್ದೇ ನಾವು ಇದ್ದೇವೆ ಅಂತ ಹೇಳೋದಕ್ಕೆ."

"ಸಿಕ್ಕಿಬೀಳದಿದ್ದರೆ?" ಅಂತ ಪಾವೊ ಕೇಳಿದ.

"ಸಿಕ್ಕಿಬೀಳದಿದ್ದರೆ ಓಡಿದ್ದು ತಲೋವಾ ಅಲ್ಲ ಅಂತ ನಮಗಾದರೂ ಗೊತ್ತಿರುತ್ತಲ್ಲ."

ಮುನಿಯಲ್ಲಪ್ಪ ಒಳಗೆ ಹೋಗಿ ಬನಿಯನ್ನು ಬಿಚ್ಚಿ ಮಡಿಸಿ ಕೇಮುವಿನ ದಿಂಬಿನ ಕೆಳಗಿಟ್ಟ. ಕೇಮು ಗೋಡೆಯ ಕಡೆ ತಿರುಗಿಕೊಂಡ. ಇಬ್ಬರಿಗೂ ಕಾಲಿದ್ದವು. ಒಬ್ಬನ ಕಾಲಿಗೆ ನೆಲ ಮುಟ್ಟುವ ಹಾಗಿಲ್ಲ, ಇನ್ನೊಬ್ಬನ ಕಾಲಿಗೆ ಆ ನೆಲವಿಲ್ಲ. ಮುನಿಯಲ್ಲಪ್ಪನಿಗೆ ತೊಮಾಸಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಬಂತು, ಮಾರಮ್ಮನ ಮೇಲೂ ಬಂತು. ಯಾವ ಸಿಟ್ಟಿನಿಂದಲೂ ಏನೂ ಆಗುವ ಹಾಗಿರಲಿಲ್ಲ.

ಯಶವಂತಪುರದ ಸ್ಟೇಷನ್ನಿನಲ್ಲಿ ಪೂನಾ ಗಾಡಿಗೆ ಹತ್ತಿದವರು ನಾಲ್ವರು. ಅಲ್ಲಿಂದ ಗಾಡಿ ಬದಲಿಸಿ ದೆಹಲಿಗೆ. ಕೇಮು ಮುನಿವೆಂಕಟಮ್ಮನ ಆರೈಕೆಯಲ್ಲಿ ಉಳಿದ. ಮೂವರೇ ಹೋಗಿ ಏನು ಮಾಡುತ್ತೀರಿ ಅಂತ ಮುನಿಯಲ್ಲಪ್ಪ ಕೇಳಿದ್ದಕ್ಕೆ ತೊಮಾಸಿ, "ಬಾವುಟದ ಹಿಂದೆ ನಡೆಯಬಹುದಲ್ಲ, ಅದಕ್ಕೆ ನಾಲ್ಕೇ ಜನ ಬೇಕು ಅಂತ ಇಲ್ಲ" ಅಂದ. ಗಾಡಿ ಹೊರಟಿತು. ಮುನಿಯಲ್ಲಪ್ಪ ಅದರ ಪಕ್ಕದಲ್ಲಿ ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದ, ಯಾಕೆಂದು ಅವನಿಗೂ ಗೊತ್ತಿಲ್ಲ. ಕಿಟಕಿಯಿಂದ ಪಾವೊ ನೋಡುತ್ತಲೇ ಇದ್ದ.

ದೆಹಲಿಯ ಸುದ್ದಿ ತಿಳಿಯಲು ಇದ್ದ ದಾರಿ ಒಂದೇ, ಯಶವಂತಪುರದ ವಹಾಬ್ ಸಾಹೇಬರ ಚಹಾ ಹೋಟೆಲಿನ ರೇಡಿಯೊ. ರಿಲೇ ಓಟದ ದಿನ ಮುನಿಯಲ್ಲಪ್ಪ ಗಾಡಿಗೆ ಹುಲ್ಲು ಹಾಸಿ, ಕೇಮುವನ್ನು ಎತ್ತಿ ಕೂರಿಸಿ, ಎತ್ತು ಹೊಡೆದುಕೊಂಡು ಹೋದ. ವಹಾಬ್ ಸಾಹೇಬರು ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿ ಜಾಗ ಮಾಡಿಕೊಟ್ಟರು. ಬಟ್ಟೆ ಸುತ್ತಿದ ಪಾದಗಳನ್ನು ಇನ್ನೊಂದು ಸ್ಟೂಲಿನ ಮೇಲೆ ಇಡಿಸಿದರು.

"ಪಾಪ, ಕಹಾಂ ಕಾ ಬಚ್ಚಾ, ಎಲ್ಲಿಗೆ ಬಂದು ಬಿತ್ತು ನೋಡಿ," ಅಂದರು. "ಚಾ ಕುಡೀರಿ ಮುನಿಯಲ್ಲಪ್ಪ, ಮುಖ ಹಾಗೆ ಇಟ್ಕೋಬೇಡಿ."

ರೇಡಿಯೊ ಗೊರಗೊರ ಅನ್ನುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳಿತು. ಕೇಮುವಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ಮುನಿಯಲ್ಲಪ್ಪನಿಗೆ ಪಲ್ಟನ್ನಿನಲ್ಲಿ ಕಲಿತ ನಾಲ್ಕು ಬೈಗುಳ ಮಾತ್ರ. ಹಾಗಾಗಿ ಅವನು ಕೇಮುವಿನ ಮುಖವನ್ನೇ ನೋಡುತ್ತ ಕೂತ. ದೇಶದೇಶಗಳ ಹೆಸರು ಬಂದವು. ಕೊನೆಗೆ ಇಬ್ಬರಿಗೂ ತಿಳಿಯುವ ಒಂದು ಮಾತು ಬಂತು: ತಲೋವಾ.

ಕೇಮು ಮುನಿಯಲ್ಲಪ್ಪನ ರಟ್ಟೆ ಹಿಡಿದ. "ಗೆರೆಯ ಮೇಲೆ ನಿಂತಿದ್ದಾರೆ! ಓಡುತ್ತಾರೆ!"

ಯಾರನ್ನು ಇಟ್ಟುಕೊಂಡು? ಮುನಿಯಲ್ಲಪ್ಪನಿಗೆ ಮೈ ಬಿಸಿಯಾಯಿತು. ತೊಮಾಸಿ ಯಾರನ್ನೋ ಹಿಡಿದು ನಿಲ್ಲಿಸಿದ್ದಾನೆ ಹಾಗಾದರೆ. ನನ್ನನ್ನು ಬೇಡವೆಂದು ಇನ್ಯಾವನನ್ನೋ. ಇಂಥ ಹೊತ್ತಿನಲ್ಲೂ ಮನುಷ್ಯನಿಗೆ ಹೊಟ್ಟೆಕಿಚ್ಚು ಬರುತ್ತದೆಂದರೆ ಏನು ಹೇಳೋಣ! ಕೇಮು ಅದ್ಯಾವುದನ್ನೂ ಯೋಚಿಸುತ್ತಿರಲಿಲ್ಲ. ಕಣ್ಣು ಮುಚ್ಚಿ, ಬೆಂಚಿನ ಮೇಲೆ ಮುಂದಕ್ಕೆ ಬಾಗಿ, ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿ ಹಿಡಿದಿದ್ದ. ಅವನು ಅದನ್ನು ತಿಳಿದು ಮಾಡಿದ್ದಲ್ಲ. ಮುನಿಯಲ್ಲಪ್ಪ ಆ ಕೈಯನ್ನು ನೋಡಲಾರದೆ ಬೀದಿಯ ಕಡೆ ಮುಖ ತಿರುಗಿಸಿದ.

ರೇಡಿಯೊದಲ್ಲಿ ಜನರ ಕೂಗು ಎದ್ದಿತು, ಗೊರಗೊರ ಹೆಚ್ಚಾಯಿತು, ವಹಾಬ್ ಸಾಹೇಬರು ತಿರುಪು ತಿರುಗಿಸಿದರು, ಅದರ ತಲೆಯ ಮೇಲೆ ಎರಡು ಏಟು ಕೊಟ್ಟರು. ಮತ್ತೆ ದನಿ ಬರುವಷ್ಟರಲ್ಲಿ ಓಟ ಮುಗಿದಿತ್ತು. ಗೆದ್ದ ಮೂರು ದೇಶಗಳ ಹೆಸರು ಹೇಳಿದರು. ಉಳಿದವರ ಹೆಸರು ಯಾರಿಗೆ ಬೇಕು? ಕೇಮು ಕಣ್ಣು ತೆರೆದು, ಚಾಚಿದ್ದ ಕೈಯನ್ನು ಮಡಿಲಿಗೆ ತಂದುಕೊಂಡ. ಮುನಿಯಲ್ಲಪ್ಪ ಅವನನ್ನು ಎತ್ತಿ ಗಾಡಿಯಲ್ಲಿ ಕೂರಿಸಿ ಎತ್ತುಗಳನ್ನು ಊರ ಕಡೆ ತಿರುಗಿಸಿದ.

ಅವರು ತಿರುಗಿ ಬಂದದ್ದು ಬಿಸಿಲು ಚುರುಕಾದ ಮೇಲೆ. ಹೋದ ನಾಲ್ವರೇ ಬಂದರು, ಹೊಸಬರಾರೂ ಇರಲಿಲ್ಲ. ಮುನಿವೆಂಕಟಮ್ಮ ಹಿತಕಿದ ಅವರೆಬೇಳೆಯ ಸಾರು ಮಾಡಿದ್ದಳು. ಕಾಲ ಮುಗಿದಿದ್ದರೂ ಎಲ್ಲಿಂದಲೋ ಹುಡುಕಿ ತರಿಸಿದ್ದಳು. ಎಲ್ಲರೂ ಸಾಲಾಗಿ ಕೂತರು, ಕೇಮು ಗೋಡೆಗೊರಗಿ. ಹೋಗಿ ಬಂದವರು ಮುದ್ದೆ ಮುರಿಯುತ್ತ ಕೂತರು. ಕೊನೆಗೆ ಕೇಮುವೇ ಕೇಳಿದ.

"ನಾಲ್ಕನೆಯ ಗೆರೆಯಲ್ಲಿ ಯಾರಿದ್ದರು?"

ಪಾವೊ ಹೇಳಿದ.

ದೆಹಲಿಯಲ್ಲಿ ತೊಮಾಸಿ ನೇರವಾಗಿ ಓಟದ ಅಧಿಕಾರಿಯ ಬಳಿ ಹೋಗಿ, ನಮ್ಮ ನಾಲ್ಕನೆಯವನಿಗೆ ಕಾಲು ಸುಟ್ಟಿದೆ, ಮೂವರೇ ಇದ್ದೇವೆ, ಮೂವರ ಪಾಲಿನಷ್ಟು ದೂರ ಓಡಲು ಬಿಡಿ ಅಂತ ಕೇಳಿಕೊಂಡನಂತೆ. ಆ ಮನುಷ್ಯ ಒಳ್ಳೆಯವನು. ಲೆಕ್ಕಕ್ಕೆ ಹಿಡಿಯಲಾರೆ, ಓಡುವುದಾದರೆ ಓಡಿ ಅಂದನಂತೆ. ತೀರಾ ಅಂಚಿನ ಹಾದಿ ಕೊಟ್ಟರು. ದೊಡ್ಡಣ್ಣ ಹೊರಟ, ತಮ್ಮನಿಗೆ ಕೋಲು ಕೊಟ್ಟ. ತಮ್ಮ ಎಂದೂ ಓಡದ ಹಾಗೆ ಓಡಿ ಪಾವೊನ ಕೈಗೆ ಕೊಟ್ಟ. ಒಂದು ಸಲವೂ ಕೈ ತಪ್ಪಲಿಲ್ಲ.

"ನಾನು ತಿರುವು ದಾಟಿ ಬಂದಾಗ," ಅಂದ ಪಾವೊ, "ಪಕ್ಕದ ಹಾದಿಗಳಲ್ಲೆಲ್ಲ ಕೈಗಳು ಕಾಯುತ್ತಿದ್ದವು. ನಮ್ಮ ಹಾದಿಯಲ್ಲಿ ಗೆರೆ ಮಾತ್ರ ಇತ್ತು. ಯಾರೂ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಕೈ ತಾನಾಗಿ ಮುಂದಕ್ಕೆ ಹೋಯಿತು, ಕೇಮು. ಕೊಡುವುದಕ್ಕೆ."

"ಮುಂದೆ ಎಷ್ಟು ಜನ ಇದ್ದರು?" ಅಂತ ಕೇಮು ಕೇಳಿದ.

ಪಾವೊ ಹೇಳಲೋ ಬೇಡವೋ ಅನ್ನುವ ಹಾಗೆ ತೊಮಾಸಿಯ ಕಡೆ ನೋಡಿದ.

"ಇಬ್ಬರೇ."

"ಕೋಲು ಏನು ಮಾಡಿದೆ?"

"ನಿನ್ನ ಗೆರೆಯ ಮೇಲೆ ಇಟ್ಟೆ."

"ಬಿಸಾಕಲಿಲ್ಲ ತಾನೆ?"

"ಇಲ್ಲ. ಬಗ್ಗಿ ಇಟ್ಟೆ."

ಕೇಮು ಸರಿ ಅನ್ನುವ ಹಾಗೆ ತಲೆಯಾಡಿಸಿದ. ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿದ, ಬಾಯಿಗೆ ಇಡಲಿಲ್ಲ. ಅವನ ಪಾದಗಳ ಬಟ್ಟೆಯನ್ನು ಆ ಬೆಳಿಗ್ಗೆಯೇ ಬಿಚ್ಚಿದ್ದರು, ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಮಿನುಗುತ್ತಿತ್ತು. ಮುನಿಯಲ್ಲಪ್ಪನಿಗೆ ಅತ್ತ ನೋಡಲೂ ಆಗಲಿಲ್ಲ, ಇತ್ತ ಪಾವೊನ ಮುಖ ನೋಡಲೂ ಆಗಲಿಲ್ಲ. ಇವರೆಲ್ಲ ನಾಳೆ ಮದ್ರಾಸಿಗೆ ಹೋಗಿ ಹಡಗು ಹತ್ತುತ್ತಾರೆ. ಆ ಖಾಲಿ ಗೆರೆ ಮಾತ್ರ ತನ್ನ ಜೊತೆಗೇ ಉಳಿಯುತ್ತದೆ ಅನ್ನಿಸಿತು.

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಮುನಿವೆಂಕಟಮ್ಮನಿಗೆ ಆ ಹರಕು ಹಿಂದೂಸ್ತಾನಿಯಲ್ಲಿ ಒಂದು ಮಾತೂ ತಿಳಿದಿರಲಿಲ್ಲ. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಮಗನ ಕಡೆ ತಿರುಗಿದಳು.

"ಏನಂತೋ? ಗೆದ್ರಂತಾ?"

"ಮೂರ್ ಜನಾನೂ ಚೆನ್ನಾಗ್ ಓಡಿದ್ರಂತೆ ಕಣವ್ವ," ಅಂದ ಮುನಿಯಲ್ಲಪ್ಪ ತಟ್ಟೆಯಿಂದ ಕಣ್ಣೆತ್ತದೆ. "ಕೊನೇಗೆ ಕೋಲು ಈಸ್ಕೊಳಾಕೆ ಅಲ್ಲಿ ಯಾರೂ ಇರ್ಲಿಲ್ವಂತೆ."

ಆಕೆ ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಮಗನನ್ನು ನೋಡಿದಳು.

"ಅದ್ಯಾಕೋ?" ಅಂದಳು. "ನೀನು ಇಲ್ಲೇ ಸುಮ್ಕೆ ಇದ್ಯಲ್ಲೋ."